ಮೊಗಲಾಯಿಯ ಪ್ರಜೆಗಳ ಅತೃಪ್ತಿಗೆ ಕಾರಣಗಳು

ರಷ್ಯ ದೇಶದಲ್ಲಿ 1917ರಲ್ಲಿ ನಡೆದ ಕ್ರಾಂತಿಯನ್ನು ಕುರಿತು ಪಾಠ ಹೇಳುವಾಗ ನಾವು ಒಂದು ಪ್ರಶ್ನೆಯಿಂದ ತೊಡಗುವುದುಂಟು. ಮುನ್ನೂರು ವರ್ಷಕ್ಕೂ ಮಿಗಿಲಾಗಿ ಒಂದೇ ರಾಜವಂಶಕ್ಕೆ ತಲೆಬಾಗಿದ್ದ ಜನರು ಒಂದು ವಾರದಷ್ಟು ಅವಧಿಯಲ್ಲಿ ಆ ವಂಶವನ್ನು ಸಿಂಹಾಸನದಿಂದ ಇಳಿಸಿದುದು ಹೇಗೆ? ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದಿದಂತೆಯೇ ಉತ್ತರ ಕೊಡುತ್ತಾರೆ: ಬಡತನ, ಯುದ್ಧ, ಬರಗಾಲ, ರಾಸ್ಪುಟಿನ್. ಒಮ್ಮೆ ಕುಷ್ಟಗಿಯ ಕಡೆಯ ಹುಡುಗನೊಬ್ಬನು ಮಾತ್ರ ಎದ್ದು ನಿಂತು, “ಸರ್, ನಮ್ಮ ಮುತ್ಯಾ ಮೊಗಲಾಯಿ ಮೊಗಲಾಯಿ ಅಂತಿದ್ರು. ಅದೂ ಹಿಂಗ ಇತ್ತೇನ್ರಿ?” ಎಂದು ಕೇಳಿದನು. ತರಗತಿಯಲ್ಲಿ ನಗು ಹಬ್ಬಿತು. ನಮಗೆ ನಗು ಬರಲಿಲ್ಲ. ದೂರದ ಪೆಟ್ರೋಗ್ರಾಡಿನ ಸಂಗತಿಯನ್ನು ಬಲ್ಲ ನಾವು ಕೊಪ್ಪಳದ ಸಂಗತಿಯನ್ನು ಅಷ್ಟು ವಿವರವಾಗಿ ಹೇಳಲಾರದೆ ಹೋದೆವಲ್ಲಾ ಎಂಬ ಸಂಕೋಚವೇ ಈ ಭಾಷಣಕ್ಕೆ ಮೂಲ.

ಮೊಗಲಾಯಿ ಎಂದರೆ ಹೈದರಾಬಾದಿನ ನಿಜಾಮರ ಸೀಮೆ. ಉತ್ತರ ಕರ್ನಾಟಕದ ಹಳ್ಳಿಗರು ಆ ಸಂಸ್ಥಾನಕ್ಕೆ ಕೊಟ್ಟಿದ್ದ ಹೆಸರು ಇದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು ಅಂದು ಆ ಸಂಸ್ಥಾನದ ನೈಋತ್ಯದ ಮೂಲೆಯಲ್ಲಿ, ರಾಯಚೂರು ಜಿಲ್ಲೆಗೆ ಸೇರಿಕೊಂಡಿದ್ದುವು. ಪ್ರತ್ಯೇಕವಾದ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ನಕ್ಷೆಯನ್ನು ಎದುರಿಗೆ ಇಟ್ಟುಕೊಂಡು ನೋಡಿದರೆ ಒಂದು ವಿಶೇಷವು ಕಣ್ಣಿಗೆ ಬೀಳುತ್ತದೆ. ಪಡುವಲಿಗೆ ಮುಂಡರಗಿ, ಗದಗು, ಗಜೇಂದ್ರಗಡ. ಬಡಗಲಿಗೆ ಇಳಕಲ್ಲು, ಹುನಗುಂದ. ಇವೆಲ್ಲ ಮುಂಬಯಿ ಪ್ರಾಂತ. ತೆಂಕಲಿಗೆ ತುಂಗಭದ್ರೆಯ ಆಚೆ ಹೊಸಪೇಟೆ, ಕಂಪಲಿ. ಅದು ಮದರಾಸು ಪ್ರಾಂತ. ಹೀಗೆ ಮೂರು ದಿಕ್ಕಿಗೂ ಬ್ರಿಟಿಷ್ ಸೀಮೆ, ಮೂಡಲಿಗೆ ಮಾತ್ರ ನಿಜಾಮ ಸೀಮೆ. ಹೊಸಪೇಟೆಯಿಂದ ಗದಗಿಗೆ ಹೋಗುವ ರೈಲು ಹೊಳೆ ದಾಟಿ ಮೊಗಲಾಯಿಯನ್ನು ಹೊಕ್ಕು, ಕೊಪ್ಪಳದ ಮೇಲೆ ಹಾದು, ಮತ್ತೆ ಇಂಗ್ಲಿಷ್ ಸೀಮೆಗೆ ಬರುತ್ತಿತ್ತು. ಪ್ರಯಾಣಿಕನು ಎಲೆಯಡಿಕೆ ಹಾಕಿಕೊಂಡು ಅಗಿದು ಮುಗಿಸುವಷ್ಟರಲ್ಲಿ ಒಂದು ದೊರೆತನದಿಂದ ಇನ್ನೊಂದಕ್ಕೆ ಹೋಗಿಬಿಡಬಹುದಾಗಿತ್ತು. ಈ ಎಲ್ಲೆಯ ವಿಚಾರವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಪ್ರಯೋಜನವುಂಟು.

ನಿಜಾಮರ ಆಳ್ವಿಕೆ ಎಂದರೆ ಒಂದೇ ಬಗೆಯ ಆಳ್ವಿಕೆಯಲ್ಲ. ಸರ್ಕಾರದ ಕಂದಾಯ ಇಲಾಖೆಗೆ ನೇರವಾಗಿ ಒಳಪಟ್ಟ ನೆಲ ದಿವಾನಿ. ನಿಜಾಮರ ಸ್ವಂತ ಖರ್ಚಿಗೆ ಬಿಟ್ಟ ನೆಲ ಸರ್ಫೆ ಖಾಸ್. ಇವಲ್ಲದೆ ಪಾಯಗಾಗಳು, ಜಹಗೀರುಗಳು, ಸಣ್ಣ ಸಂಸ್ಥಾನಗಳು. ಸಂಸ್ಥಾನದ ಭೂಮಿಯಲ್ಲಿ ಹೆಚ್ಚುಕಡಮೆ ಐದರಲ್ಲಿ ಎರಡು ಪಾಲು ದಿವಾನಿಯ ಹೊರಗೇ ಇದ್ದಿತು. ನಮ್ಮ ನಾಲ್ಕು ತಾಲೂಕುಗಳಲ್ಲಿ ಕುಷ್ಟಗಿ, ಗಂಗಾವತಿಗಳು ದಿವಾನಿ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಗಂಗಾವತಿಯ ಬಳಿಯಲ್ಲಿಯೇ ಆನೆಗೊಂದಿಯ ಪುಟ್ಟ ಸಂಸ್ಥಾನವೂ ಇದ್ದಿತು. ನೆರೆಹೊರೆಯ ಎರಡು ಹಳ್ಳಿಗಳ ರೈತರು ಬೇರೆ ಬೇರೆ ಧಣಿಗಳಿಗೆ ಪಟ್ಟಿ ಕೊಡುತ್ತಿದ್ದರು.

ಈ ಸಾಲಾರ್ ಜಂಗ್ ಮನೆತನದ ಹೆಸರು ಬಂದಾಗ ನಮಗೆ ರಷ್ಯದ ಎರಡನೆಯ ಅಲೆಗ್ಸಾಂಡರನ ನೆನಪಾಗುತ್ತದೆ. ಮೊದಲನೆಯ ಸಾಲಾರ್ ಜಂಗ್, ಅಂದರೆ ಮೀರ್ ತುರಾಬ್ ಅಲಿ ಖಾನರು, 1853ರಿಂದ 1883ರಲ್ಲಿ ಕಾಲವಾಗುವ ವರೆಗೆ ಹೈದರಾಬಾದಿನ ದಿವಾನರು, ಸಮರ್ಥರು, ದೂರದೃಷ್ಟಿಯುಳ್ಳವರು. ಕಂದಾಯವನ್ನು ಗುತ್ತಿಗೆಗೆ ಕೊಡುವ ಹಳೆಯ ಪದ್ಧತಿಯನ್ನು ತೆಗೆದು, 1865ರಲ್ಲಿ ಜಿಲಾಬಂದಿ ಎಂಬ ಏರ್ಪಾಟಿನಿಂದ ಜಿಲ್ಲೆಗಳನ್ನು ಕಟ್ಟಿ, ಅವ್ವಲ್ ತಾಲುಕದಾರ ಮುಂತಾದ ಅಧಿಕಾರಿಗಳನ್ನು ನೇಮಿಸಿದವರು ಅವರೇ. ಸರಿಸುಮಾರು ಅದೇ ಕಾಲದಲ್ಲಿ ಅಲೆಗ್ಸಾಂಡರನು 1861ರಲ್ಲಿ ಜೀತದ ರೈತರನ್ನು ಬಿಡುಗಡೆ ಮಾಡಿದನು. 1864ರಲ್ಲಿ ಜೆಮ್‌ಸ್ಟ್ವೊ ಎಂಬ ಸ್ಥಳೀಯ ಸಭೆಗಳನ್ನು ಏರ್ಪಡಿಸಿದನು. ಎರಡು ಕಡೆಯೂ ಕಛೇರಿಗಳು ಹೊಸದಾದುವು. ಆದರೆ ಆ ಕಛೇರಿಗಳು ಮೇಲಿನವರಿಗೆ ಲೆಕ್ಕ ಒಪ್ಪಿಸುತ್ತಿದ್ದುವೇ ಹೊರತು ಕೆಳಗಿನವರಿಗೆ ಅಲ್ಲ. ರಷ್ಯದಲ್ಲಿ ಜೆಮ್‌ಸ್ಟ್ವೊಗಳಾದರೂ ಇದ್ದುವು. ಹೈದರಾಬಾದಿನಲ್ಲಿ ಅಷ್ಟೂ ಇರಲಿಲ್ಲ. ಇದಕ್ಕಿಂತ ವಿಚಿತ್ರವಾದುದೆಂದರೆ, ದಿವಾನಿಯನ್ನು ತಿದ್ದಿದ ಆ ಮಹಾಶಯರ ಸ್ವಂತ ಜಹಗೀರೇ ದಿವಾನಿಯ ಅಧಿಕಾರದಿಂದ ಬಹುಮಟ್ಟಿಗೆ ಹೊರಗುಳಿದುದು. ದೊಡ್ಡ ಜಹಗೀರುದಾರರಿಗೆ ತಮ್ಮದೇ ಅಮಲುದಾರರು, ತಮ್ಮದೇ ಪೊಲೀಸರು, ತಮ್ಮದೇ ನ್ಯಾಯಾಲಯಗಳು ಇದ್ದುವು.

ಜಹಗೀರಿನ ರೈತನಿಗೂ ದಿವಾನಿಯ ರೈತನಿಗೂ ಏನು ವ್ಯತ್ಯಾಸ? ದಿವಾನಿಯಲ್ಲಿ ಭೂಮಿಯ ಅಳತೆಯಾಗಿ ದರ ಗೊತ್ತಾಗಿರುತ್ತಿತ್ತು. ಜಹಗೀರುಗಳಲ್ಲಿ ಸಾಮಾನ್ಯವಾಗಿ ದರ ಹೆಚ್ಚು, ಮೇಲೆ ನಜರಾಣೆ ಮುಂತಾದ ಕೊಡಿಕೆಗಳು. ಅಮಲುದಾರನ ಮೇಲೆ ದೂರು ಕೊಡಬೇಕೆಂದರೆ ಕೊಡಬೇಕಾದದ್ದು ಅಮಲುದಾರನ ಧಣಿಗೇ. ಆ ಧಣಿ ಇರುತ್ತಿದ್ದುದು ಇನ್ನೂರು ಮೈಲಿಯಾಚೆಯ ಹೈದರಾಬಾದಿನಲ್ಲಿ. ಮೂರನೆಯ ಸಾಲಾರ್ ಜಂಗರಾದ ಮೀರ್ ಯೂಸುಫ್ ಅಲಿ ಖಾನರು ಕ್ರೂರಿಗಳೆಂದು ನಾವು ಹೇಳುತ್ತಿಲ್ಲ. ಅವರು ವಿದ್ಯಾವಂತರು, ಕಲಾರಸಿಕರು. ಎರಡು ವರ್ಷ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದು, ಉಳಿದ ಆಯುಷ್ಯವನ್ನು ಚಿತ್ರ, ಶಿಲ್ಪ, ಗಡಿಯಾರ, ಹಸ್ತಪ್ರತಿಗಳ ಸಂಗ್ರಹದಲ್ಲಿ ಕಳೆದರು. ಅವರು 1949ರಲ್ಲಿ ತೀರಿಕೊಂಡ ಮೇಲೆ 1951ರಲ್ಲಿ ತೆರೆದ ಹೈದರಾಬಾದಿನ ಪ್ರಸಿದ್ಧ ವಸ್ತುಸಂಗ್ರಹಾಲಯವನ್ನು ನೋಡಿದವರು ನಮ್ಮ ಶ್ರೋತೃಗಳಲ್ಲಿ ಅನೇಕರಿರಬಹುದು. ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ವಿಗ್ರಹದ ಮುಂದೆ ನಾವೂ ಬೆರಗಾಗಿ ನಿಂತವರೇ. ಆ ಮನೆತನದ ಆದಾಯದ ಒಂದು ಪಾಲು ಯಲಬುರ್ಗಾದ ಕಪ್ಪು ನೆಲದ ಬಿಳಿಜೋಳದಿಂದ ಬರುತ್ತಿತ್ತೆಂಬುದನ್ನು ಅಲ್ಲಿಯ ಚೀಟಿಗಳಲ್ಲಿ ಯಾರೂ ಬರೆದಿಲ್ಲ.

ದಿವಾನಿಯ ಹಳ್ಳಿಗಳು ಸುಖವಾಗಿದ್ದುವೆಂದು ಇದರಿಂದ ತಿಳಿಯಬಾರದು. ಗಂಗಾವತಿಯಲ್ಲಿ ವಿಜಯನಗರದ ಕಾಲದ ಕಾಲುವೆಗಳಿಂದ ಬತ್ತ ಬೆಳೆಯುವ ಒಂದಷ್ಟು ನೆಲವುಂಟು. ಕುಷ್ಟಗಿಯ ನೆಲ ಮಳೆಯನ್ನೇ ನಂಬಿದ್ದು. ಹಳ್ಳಿಗೆ ಸರ್ಕಾರವೆಂದರೆ ಗೌಡ, ಕುಲಕರ್ಣಿ. ಇವರು ವತನದಾರರು, ತಲೆತಲಾಂತರದಿಂದ ಬಂದವರು. ಅಧಿಕಾರಿ ಸವಾರಿ ಬಂದರೆ ಬಂಡಿ, ಹುಲ್ಲು, ಹಾಲು, ಕೋಳಿ, ಹೊರೆಯಾಳು ಎಲ್ಲವೂ ಬಿಟ್ಟಿ. ಬಿಟ್ಟಿಯ ಭಾರವೆಲ್ಲ ಕೊನೆಗೆ ಬೀಳುತ್ತಿದ್ದುದು ಊರ ಹೊರಗಿನ ಕೇರಿಗಳವರ ಮೇಲೆ. ಬಿಟ್ಟಿಯನ್ನು ಕೂಡದೆಂದು ಹೈದರಾಬಾದಿನಿಂದ ಆಜ್ಞೆಗಳು ಹೊರಟದ್ದೂ ಉಂಟು. ಆಜ್ಞೆಯನ್ನು ಜಾರಿಗೆ ತರಬೇಕಾದವನೂ ಬಿಟ್ಟಿ ತೆಗೆದುಕೊಳ್ಳುವವನೂ ಒಬ್ಬನೇ ಆದಾಗ ಆಜ್ಞೆಯ ಗತಿ ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದರ ಜೊತೆಗೆ ಲೆವಿ ಬಂದಿತು. ರೈತನು ಬೆಳೆದ ಕಾಳಿನಲ್ಲಿ ಇಂತಿಷ್ಟನ್ನು ಸರ್ಕಾರ ಗೊತ್ತು ಮಾಡಿದ ಬೆಲೆಗೆ ಕೊಡಬೇಕೆಂಬುದು ಕಟ್ಟಳೆ. ಎಷ್ಟೆಂಬುದನ್ನು ಬರೆಯುವವರು ಅದೇ ಗೌಡ, ಅದೇ ಕುಲಕರ್ಣಿ. ಬಲವುಳ್ಳವನ ಹಗೇವು ತುಂಬಿರುವುದೂ ಬಡವನ ಮನೆಯ ಕಾಳು ಅಳತೆಗೆ ಹೋಗುವುದೂ ಎಷ್ಟೋ ಊರುಗಳಲ್ಲಿ ನಡೆಯಿತು. ರಷ್ಯದ ರೈತನು ಬಿಡುಗಡೆಯಾದ ಮೇಲೆ ತನ್ನದೇ ಹೊಲಕ್ಕೆ 49 ವರ್ಷ ಕಂತು ಕಟ್ಟಬೇಕೆಂದು ವಿಧಿಸಿದ್ದರು. ಅವನ ಸಿಟ್ಟೂ ಇಲ್ಲಿಯ ರೈತನ ಸಿಟ್ಟೂ ಒಂದೇ ಜಾತಿಯದು. ಹಸಿವಿನ ಸಿಟ್ಟಿಗಿಂತ ಹೆಚ್ಚಾಗಿ ಅನ್ಯಾಯದ ಲೆಕ್ಕದ ಮೇಲಿನ ಸಿಟ್ಟು.

ಇನ್ನು ಭಾಷೆಯ ವಿಚಾರ. ಇದು ನಮಗೆ ಹತ್ತಿರದ ವಿಷಯವಾದುದರಿಂದ ಕೊಂಚ ನಿಲ್ಲುತ್ತೇವೆ. ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳೆಂದು ಎಣಿಸಿದ ನಾಡಿನ ನಾಲ್ಕು ಊರುಗಳಲ್ಲಿ ಕೊಪಣನಗರ ಒಂದು. ಅದೇ ಕೊಪ್ಪಳವೆಂದು ವಿದ್ವಾಂಸರ ಮತ. ಒಂಬತ್ತನೆಯ ಶತಮಾನದಲ್ಲಿ ಅಚ್ಚಗನ್ನಡಕ್ಕೆ ಮಾದರಿಯಾಗಿದ್ದ ಈ ಊರಿನಲ್ಲಿ ಇಪ್ಪತ್ತನೆಯ ಶತಮಾನದ ರೈತನು ತನ್ನ ಹೊಲದ ಕಾಗದವನ್ನು ತಾನೇ ಓದಲಾರದವನಾಗಿದ್ದನು. ಸಂಸ್ಥಾನದ ರಾಜಭಾಷೆ 1880ರ ದಶಕದ ವರೆಗೆ ಪಾರಸಿ, ಅಲ್ಲಿಂದ ಮುಂದೆ ಉರ್ದು. ಸಂಸ್ಥಾನದ ಜನರಲ್ಲಿ ಸುಮಾರು ಅರ್ಧದಷ್ಟು ತೆಲುಗರು, ಕಾಲು ಪಾಲು ಮರಾಠಿಗರು, ಎಂಟರಲ್ಲಿ ಒಂದು ಪಾಲು ಕನ್ನಡಿಗರು. ಉರ್ದು ಮಾತೃಭಾಷೆಯಾದವರು ಹತ್ತರಲ್ಲಿ ಒಬ್ಬರಷ್ಟು. ತಹಸೀಲಿನಲ್ಲಿ, ಠಾಣೆಯಲ್ಲಿ, ನ್ಯಾಯಾಲಯದಲ್ಲಿ ನಡೆಯುತ್ತಿದ್ದುದೆಲ್ಲ ಆ ಹತ್ತರಲ್ಲಿ ಒಬ್ಬನ ಮಾತು. ಕಾಲಗಣನೆಯೂ ಬೇರೆ: ಫಸಲಿ ವರ್ಷ, ಅಕ್ಟೋಬರಿನಲ್ಲಿ ಆರಂಭ, ಆಜೂರ್, ದೈ, ಬಹಮನ್ ಎಂದು ತಿಂಗಳುಗಳ ಹೆಸರು. ಯುಗಾದಿಯಿಂದ ವರ್ಷ ಎಣಿಸುವ ರೈತನಿಗೆ ಸಾಲದ ಪತ್ರದ ಮೇಲಿನ ತಾರೀಖು ಕೂಡ ಪರಭಾಷೆಯದಾಗಿತ್ತು.

ಉಸ್ಮಾನಿಯಾ ವಿಶ್ವವಿದ್ಯಾನಿಲಯವು 1918ರಲ್ಲಿ ಸ್ಥಾಪಿತವಾಗಿ, ವೈದ್ಯ, ಗಣಿತ, ನ್ಯಾಯಶಾಸ್ತ್ರಾದಿಗಳನ್ನು ದೇಶಭಾಷೆಯೊಂದರಲ್ಲಿ ಕಲಿಸತೊಡಗಿತು. ಇಂಗ್ಲಿಷಿನಲ್ಲಿಯೇ ಓದಿ, ಇಂಗ್ಲಿಷಿನಲ್ಲಿಯೇ ಬಹುಕಾಲ ಪಾಠ ಹೇಳಿದ ನಾವು ಆ ಸಾಹಸಕ್ಕೆ ತಲೆದೂಗದೆ ಇರಲಾರೆವು. ಮೈಸೂರಿನವರಿಗೆ ಅಂದು ಅಷ್ಟು ಧೈರ್ಯವಿರಲಿಲ್ಲ. ಆದರೆ ಆ ದೇಶಭಾಷೆ ಯಾರದು? ಕೊಪ್ಪಳದ ಹುಡುಗನು ಕೆಳಗಿನ ತರಗತಿಗಳಲ್ಲಿ ಕನ್ನಡವನ್ನು ಕಲಿತರೂ ಮೇಲಕ್ಕೆ ಏರಬೇಕಾದರೆ ಉರ್ದುವಿನ ಏಣಿಯನ್ನೇ ಹತ್ತಬೇಕು. ಹತ್ತಿದವರೂ ಉಂಟು. ಯಲಬುರ್ಗಾ ತಾಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ಆ ಸರ್ಕಾರದ ನೌಕರಿಗೆ ಸೇರಿ, ಕಾವ್ಯಾನಂದರೆಂಬ ಹೆಸರಿನಿಂದ ಕನ್ನಡದ ಕವಿಗಳಾದರು. ಏಣಿಯ ಬುಡದಲ್ಲಿಯೇ ಉಳಿದವರ ಹೆಸರು ನಮಗೆ ಗೊತ್ತಿಲ್ಲ. ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹತ್ತಕ್ಕಿಂತ ಕಡಮೆ ಇದ್ದರೆಂಬುದರಿಂದ ಊಹಿಸಿಕೊಳ್ಳಬಹುದು. ಚಕ್ರವರ್ತಿಯ ಸರ್ಕಾರವು 1876ರಲ್ಲಿ ಉಕ್ರೇನಿನ ಭಾಷೆಯಲ್ಲಿ ಪುಸ್ತಕಗಳನ್ನು ಅಚ್ಚು ಹಾಕಬಾರದೆಂದು ಕಟ್ಟುಮಾಡಿತು. ಹೈದರಾಬಾದಿನಲ್ಲಿ ಕನ್ನಡಕ್ಕೆ ಅಂಥ ನಿಷೇಧವೇನೂ ಬರಲಿಲ್ಲ. ಸಾಹಿತ್ಯ ಸಮ್ಮೇಳನಗಳು 1928ರಲ್ಲಿ ಕಲಬುರ್ಗಿಯಲ್ಲಿಯೂ 1934ರಲ್ಲಿ ರಾಯಚೂರಿನಲ್ಲಿಯೂ ನಡೆದುವು. ಅಲ್ಲಿ ಕವಿತೆಯ ಮಾತು ಆಡಬಹುದು; ಕಂದಾಯದ ಮಾತು ಆಡಕೂಡದು.

ಈಗ ಮುಖ್ಯ ವಿಷಯಕ್ಕೆ ಬಂದೆವು. ಮೇಲೆ ಹೇಳಿದ ಕಷ್ಟಗಳಲ್ಲಿ ಅನೇಕವು ಎಲ್ಲೆಯಾಚೆಗೂ ಇದ್ದುವು. ಮುಂಡರಗಿಯ ಎರೆಹೊಲದ ರೈತನೇನೂ ಸಿರಿವಂತನಲ್ಲ. ಸಾಹುಕಾರನ ಬಡ್ಡಿ ಅಲ್ಲಿಯೂ ಅಷ್ಟೆ. ಹಾಗಿದ್ದ ಮೇಲೆ ಮೊಗಲಾಯಿಯ ಅತೃಪ್ತಿಯೇ ಏಕೆ ಬೇರೆ ಬಣ್ಣ ತಾಳಿತು? ನಮಗೆ ತೋರುವ ಉತ್ತರವಿಷ್ಟು: ಕಷ್ಟವನ್ನು ಹೇಳಿಕೊಳ್ಳಲು ಇಲ್ಲಿ ಒಂದು ಸ್ಥಳವಿರಲಿಲ್ಲ, ಅಂಥ ಸ್ಥಳವೊಂದು ಇರಬಹುದೆಂಬುದು ಎಲ್ಲೆಯಾಚೆಯ ಬಂಧುಗಳಿಂದ ಪ್ರತಿದಿನವೂ ತಿಳಿಯುತ್ತಿತ್ತು.

ಹೈದರಾಬಾದಿನಲ್ಲಿ ನಿಜಾಮರ ಫರ್ಮಾನೇ ಕಾನೂನು. ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಸರ್ಕಾರದ ಅಪ್ಪಣೆಯಿಲ್ಲದೆ ಸಭೆ ಕೂಡುವಂತಿರಲಿಲ್ಲ. ಖಾಸಗಿ ಶಾಲೆ ತೆರೆಯಬೇಕಾದರೂ ಅಪ್ಪಣೆ ಬೇಕು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರು ಕೊನೆಗೆ ಹೊಳೆಯಾಚೆ, ಮದರಾಸು ಪ್ರಾಂತದಲ್ಲಿ, ತಮ್ಮ ಪ್ರೇಮಾಯತನವನ್ನು ಸ್ಥಾಪಿಸಿಕೊಂಡರು. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು 1911ರಲ್ಲಿ ಪಟ್ಟಕ್ಕೆ ಬಂದವರು. 1937ರಲ್ಲಿ ಅಮೆರಿಕದ ಪತ್ರಿಕೆಯೊಂದು ಅವರ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ಜಗತ್ತಿನಲ್ಲಿಯೇ ಅತ್ಯಂತ ಧನವಂತರೆಂದು ಬಣ್ಣಿಸಿತು. ಅದೇ ವರ್ಷ ಮುಂಬಯಿ, ಮದರಾಸು ಪ್ರಾಂತಗಳಲ್ಲಿ ಚುನಾವಣೆ ನಡೆದು ಕಾಂಗ್ರೆಸ್ ಮಂತ್ರಿಮಂಡಲಗಳು ಬಂದುವು. ಗದಗಿನ ವರ್ತಕನು ಮತ ಕೊಟ್ಟನು. ಅವನ ಭಾಗಾದಿಯಾದ ಕೊಪ್ಪಳದ ವರ್ತಕನು ಸಭೆಯೊಂದರಲ್ಲಿ ಕುಳಿತು ಕೇಳುವುದಕ್ಕೂ ಅಪ್ಪಣೆ ಪಡೆಯಬೇಕಾಗಿತ್ತು. ಪರಕೀಯರು ಆಳುವ ನಾಡಿನಲ್ಲಿ ಇರುವ ಮಾತಿನ ಸ್ವಾತಂತ್ರ್ಯ ಸ್ವದೇಶದ ರಾಜರ ನಾಡಿನಲ್ಲಿ ಇಲ್ಲವೆಂಬುದು ಎಂಥ ವಿಪರ್ಯಾಸ! ಸರಕು ದಾಟಿಸುವಾಗ ಕರೋಡಗಿರಿಯ ನಾಕೆಯಲ್ಲಿ ಸುಂಕ, ನಾಣ್ಯವೂ ಬೇರೆ. ನೂರು ಕಲ್ದಾರ್ ರೂಪಾಯಿಗೆ 116 ಹಾಲಿ ರೂಪಾಯಿ 10 ಆಣೆ 8 ಪೈ. ಮಗಳನ್ನು ಗಜೇಂದ್ರಗಡಕ್ಕೆ ಕೊಟ್ಟ ತಂದೆ, ಇಳಕಲ್ಲಿನ ಸಂತೆಗೆ ಹೋಗುವ ನೇಕಾರ, ಇವರೆಲ್ಲರೂ ಎಲ್ಲೆಯನ್ನು ದಾಟುವಾಗಲೆಲ್ಲ ಎರಡು ಆಳ್ವಿಕೆಗಳನ್ನು ಹೋಲಿಸಿ ನೋಡುತ್ತಿದ್ದರು. ರಷ್ಯದ ರೈತನಿಗೆ ಈ ಹೋಲಿಕೆ ಇರಲಿಲ್ಲ. ಅವನ ಸೀಮೆಗೆ ಎಲ್ಲೆಯೇ ಕಾಣುತ್ತಿರಲಿಲ್ಲ.

ಪೀಟರ್ಸ್‌ಬರ್ಗಿನ ಕೂಲಿಕಾರರು 1905ರ ಜನವರಿಯ ಒಂದು ಭಾನುವಾರ, ಗಪೋನ್ ಎಂಬ ಪಾದರಿಯನ್ನು ಮುಂದಿಟ್ಟುಕೊಂಡು, ಚಕ್ರವರ್ತಿಯ ಪಟಗಳನ್ನು ಹಿಡಿದು, ಬಿನ್ನಹಪತ್ರದೊಡನೆ ಅರಮನೆಯ ಕಡೆಗೆ ನಡೆದರು. ಗುಂಡಿನ ಉತ್ತರ ಬಂದಿತು. ದೊರೆ ಒಳ್ಳೆಯವನು, ನಡುವಿನ ಅಧಿಕಾರಿಗಳು ಕೆಟ್ಟವರು ಎಂಬ ನಂಬಿಕೆ ಆ ದಿನ ಸತ್ತಿತೆಂದು ಚರಿತ್ರಕಾರರು ಹೇಳುತ್ತಾರೆ. ಹೈದರಾಬಾದಿನಲ್ಲಿ ಇದಕ್ಕೆ ಸಮಾನವಾದ ವರ್ಷ 1938. ನಿಜಾಮರನ್ನು ಪಟ್ಟದಿಂದ ಇಳಿಸಬೇಕೆಂದು ಅಂದು ಯಾರೂ ಕೇಳಿರಲಿಲ್ಲ. ಅವರ ಛತ್ರದ ಅಡಿಯಲ್ಲಿಯೇ ಜವಾಬ್ದಾರಿ ಸರ್ಕಾರ ಬೇಕೆಂದು ಕೇಳಲು ಸ್ಟೇಟ್ ಕಾಂಗ್ರೆಸ್ ಎಂಬ ಸಂಸ್ಥೆಯನ್ನು ಕಟ್ಟಲು ಹೊರಟರು. ಅದು ಸರಿಯಾಗಿ ಹುಟ್ಟುವುದಕ್ಕೆ ಮೊದಲೇ, ಸೆಪ್ಟೆಂಬರಿನಲ್ಲಿ, ನಿಷೇಧ ಬಂದಿತು. ಅಕ್ಟೋಬರಿನಿಂದ ಸತ್ಯಾಗ್ರಹ, ಸೆರೆಮನೆ. ಅದೇ ಕಾಲದಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಉಸ್ಮಾನಿಯಾದಿಂದ ಹೊರಗೆ ಹಾಕಿದರು. ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದಿದರು. 1939ರ ಜುಲೈಯಲ್ಲಿ ಸುಧಾರಣೆಗಳು ಪ್ರಕಟವಾದುವು: 85 ಸ್ಥಾನಗಳ ಸಭೆ, ಅದರಲ್ಲಿ 42 ಚುನಾಯಿತ ಸ್ಥಾನಗಳು, ಆದರೆ ಮಂತ್ರಿಗಳು ಸಭೆಗೆ ಹೊಣೆಯಲ್ಲ. ಅದೂ ಮುಂದೆ ಮುಂದೆ ಬಿದ್ದು, ಮಾರ್ಪಾಟುಗೊಂಡು, ಸಭೆ ಕೂಡುವಷ್ಟರಲ್ಲಿ 1947 ಬಂದಿತ್ತು. ರಷ್ಯದ ಡ್ಯೂಮಾ ಸಭೆಯಾದರೂ 1906ರಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಬಾಳಿದ್ದಿತು. ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧವನ್ನು ತೆಗೆದದ್ದು 1946ರಲ್ಲಿ. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು ಆ ಹೊತ್ತಿಗೆ ಅದರ ನಾಯಕರಾಗಿದ್ದರು.

ಇದು ಹಿಂದೂ ಪ್ರಜೆಗಳಿಗೂ ಮುಸಲ್ಮಾನ ದೊರೆಗೂ ನಡೆದ ಜಗಳವೆಂದು ಹೇಳುವವರಿದ್ದಾರೆ. ಹಾಗೆ ಹೇಳಿಬಿಡುವುದು ಸುಲಭ. ಅದಕ್ಕಾಗಿಯೇ ನಮಗೆ ಅದರಲ್ಲಿ ನಂಬಿಕೆ ಕಡಮೆ. ದೊಡ್ಡ ಹುದ್ದೆಗಳಲ್ಲಿ ಮುಸಲ್ಮಾನರೇ ಬಹುಸಂಖ್ಯಾತರೆಂಬುದು ನಿಜ. ಪ್ರಜೆಗಳಿಗೆ ಅದರ ನೋವಿತ್ತೆಂಬುದೂ ನಿಜ. ಆದರೆ ಹಳ್ಳಿಯಲ್ಲಿ ಬಿಟ್ಟಿ ತೆಗೆದುಕೊಂಡ, ಲೆವಿ ಬರೆದ ಗೌಡ, ಕುಲಕರ್ಣಿಗಳು ಹಿಂದೂಗಳೇ. ಪಿಂಜಾರ, ಜಾತಗಾರರಂಥ ಬಡ ಮುಸಲ್ಮಾನರಿಗೆ ರಾಜನ ಮತವು ಅನ್ನ ಕೊಡಲಿಲ್ಲ. ಭಾರತದೊಡನೆ ಸೇರಬೇಕೆಂದು ಉರ್ದುವಿನಲ್ಲಿಯೇ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು. ಮಾತನ್ನು ಸಹಿಸದ ಪ್ರಭುತ್ವದ ನೆರಳಿನಲ್ಲಿ ಮಾತಾಡಿದವನ ಮತವನ್ನು ಯಾರೂ ಕೇಳುವುದಿಲ್ಲ.

ಉಳಿದ ಕಥೆಯನ್ನು ಬೇಗ ಹೇಳುತ್ತೇವೆ. 1947ರ ಆಗಸ್ಟ್ 15ರಂದು ಎಲ್ಲೆಯಾಚೆ ಧ್ವಜ ಏರಿತು. ಈಚೆ ಧ್ವಜ ಹಿಡಿದವರಿಗೆ ಸೆರೆ. ನವೆಂಬರಿನಲ್ಲಿ ಯಥಾಸ್ಥಿತಿಯ ಒಪ್ಪಂದ. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿದಂತೆ ಜನರು ಹೆಂಡಿರು ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಗಡಿ ದಾಟಿದರು. ಮೊದಲು ಬರಿಯ ಹೋಲಿಕೆಯ ಗೆರೆಯಾಗಿದ್ದ ಎಲ್ಲೆ ಈಗ ಆಶ್ರಯವೂ ನೆಲೆಯೂ ಆಯಿತು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿ ಸ್ವಾಮಿಗಳ ಮುಖಂಡತನದ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ. ಅಲ್ಲಿಂದ ಬಂದ ತರುಣರು ಮೊದಲು ಕೈಯಿಕ್ಕಿದ್ದು ಕರೋಡಗಿರಿಯ ನಾಕೆಗಳಿಗೆ, ಪೊಲೀಸ್ ಠಾಣೆಗಳಿಗೆ. ಜನರ ಸಿಟ್ಟು ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವನ್ನು ನಾವು ಹುಡುಕಬೇಕಾಗಿಲ್ಲ. ಮುಂಡರಗಿಗೆ ಇದು ಹೊಸತಲ್ಲ. 1858ರಲ್ಲಿ ಅಲ್ಲಿಯ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ ಕೊಪ್ಪಳದ ಕೋಟೆಯನ್ನು ಹಿಡಿದು ಅಲ್ಲಿಯೇ ಮಡಿದಿದ್ದರು.

ಭಾರತದ ಸೈನ್ಯವು 1948ರ ಸೆಪ್ಟೆಂಬರ್ 13ರಂದು ಸಂಸ್ಥಾನವನ್ನು ಹೊಕ್ಕಿತು. 17ರ ಸಂಜೆ ನಿಜಾಮರು ಶರಣಾದುದನ್ನು ಹೈದರಾಬಾದಿನ ಬಾನುಲಿಯಲ್ಲಿ ತಾವೇ ಹೇಳಿದರು. ಮೂವತ್ತೇಳು ವರ್ಷ ಆಳಿದ ದೊರೆಗಳು ಪ್ರಜೆಗಳೊಡನೆ ಬಾನುಲಿಯಲ್ಲಿ ಮಾತನಾಡಿದ್ದು ಅದೇ ಮೊದಲು. ಅನಂತರದ ವಾರಗಳಲ್ಲಿ ನಡೆದುದನ್ನು ಮುಚ್ಚಿಡುವುದು ಚರಿತ್ರಕಾರನಿಗೆ ಸಲ್ಲದು. ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು 27,000ದಿಂದ 40,000 ಜನರು ಕೊಲ್ಲಲ್ಪಟ್ಟರೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಮಂದಿ ನಿರಪರಾಧಿಗಳಾದ ಮುಸಲ್ಮಾನರು. ಉಸ್ಮಾನಾಬಾದು, ಕಲಬುರ್ಗಿ, ಬೀದರು, ನಾಂದೇಡ ಜಿಲ್ಲೆಗಳಲ್ಲಿ ಹೆಚ್ಚು. ಆ ವರದಿ ಬಹುಕಾಲ ಬೆಳಕು ಕಾಣಲಿಲ್ಲ. 2013ರ ಹೊತ್ತಿಗೆ ವಾಚಕರಿಗೆ ದೊರೆಯಿತು.

ಜಹಗೀರುಗಳು 1949ರ ಆಗಸ್ಟಿನಲ್ಲಿ ರದ್ದಾದುವು. ಕೊಪ್ಪಳ, ಯಲಬುರ್ಗಾದ ರೈತರು ಮೊದಲ ಸಲ ಕುಷ್ಟಗಿಯವರಂತೆ ನೇರವಾಗಿ ಸರ್ಕಾರದ ರೈತರಾದರು. ಮುನಿರಾಬಾದಿನ ಅಣೆಕಟ್ಟು ಅದರ ಬೆನ್ನಿಗೆ, 1953ರಲ್ಲಿ, ನೀರು ಬಿಟ್ಟಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತು. ಗಂಗಾವತಿಗೂ ಕಂಪಲಿಗೂ ನಡುವೆ ಹೊಳೆಯೊಂದು ಉಳಿಯಿತೇ ಹೊರತು ಗಡಿ ಉಳಿಯಲಿಲ್ಲ. ಇದಕ್ಕೂ ಮೊದಲು, 1952ರ ಮಹಾಚುನಾವಣೆಯಲ್ಲಿ, ಕುಷ್ಟಗಿ ಕ್ಷೇತ್ರದ ಮತದಾರರು ಮುಂಡರಗಿ ಶಿಬಿರದ ಆ ಶಿವಮೂರ್ತಿ ಸ್ವಾಮಿಗಳನ್ನು ಲೋಕಸಭೆಗೆ ಕಳುಹಿಸಿದರು. ಅವರು ನಿಂತದ್ದು ಆಳುವ ಪಕ್ಷದಿಂದಲ್ಲ, ಪಕ್ಷೇತರರಾಗಿ.